ಕರಿಯಕ್ಕನ ಬಚ್ಚಲ ಬಾಳೆ

ಬಾಳೆಗೆ ಹೋಗುತ್ತಿದ್ದ ಬಚ್ಚಲ ನೀರನ್ನು ಕಲ್ಲು ತುಂಬಿದ ಹೊಸ ಇಂಗುಗುಂಡಿಗೆ ತಿರುಗಿಸಲು ಗ್ರಾಮಸೇವಕ ಮಹಾಲಿಂಗಯ್ಯ ಸನಿಕೆ ಎತ್ತಿದ್ದೇ ತಡ, ಕರಿಯಕ್ಕ ಅಡ್ಡ ನಿಂತಳು. ಅವಳ ಬೆನ್ನ ಹಿಂದೆ, ಇಡೀ ಬಡವನಹಳ್ಳಿಗೆ ನೆರಳು ಕೊಡುವಷ್ಟು ಬೆಳೆದ ಬಾಳೆ ಆಗತಾನೇ ಗೊನೆ ಹಾಕಿತ್ತು. ಬುಡದಲ್ಲಿ ಗುಬ್ಬಿ ಗಾತ್ರದ ಸೊಳ್ಳೆಗಳು.

"ನೀರು ಗುಂಡೀಲಿ ಇಂಗಿದ್ರೆ ಸೊಳ್ಳೆ ಇರಲ್ಲ ಕಣಮ್ಮ."

"ಬಾಳೆ ಇರ್ತದಾ? ಎರಡು ಮೈಲಿ ಹೊತ್ತು ತಂದಿರೋ ನೀರು ಸ್ವಾಮಿ. ಕಲ್ಲಿಗೆ ಕುಡಿಸ್ಬೇಕಾ?"

ಮಹಾಲಿಂಗಯ್ಯ ಸನಿಕೆ ಕೆಳಗಿಟ್ಟ. ತರಬೇತಿಯಲ್ಲಿ ಸಾವಿರ ಪ್ರಶ್ನೆಗೆ ಉತ್ತರ ಕಲಿಸಿದ್ದರು, ಇದೊಂದನ್ನು ಬಿಟ್ಟು.

ಅಷ್ಟರಲ್ಲಿ ಒಳಗೆ ಸೊಸೆ ಮಗುವಿಗೆ ಎರೆದ ನೀರು ಹರಿದು ಬಂದು ಅವನ ಬೂಟಿಗೆ ತಡೆದು ನಿಂತಿತು. ಗುಂಡಿ ನೋಡಿದ, ಗೊನೆ ನೋಡಿದ, ಕೆನ್ನೆಯ ಮೇಲೊಂದು ಸೊಳ್ಳೆ ಹೊಡೆದುಕೊಂಡ. ಆಮೇಲೆ, ಅದು ಬೇರೆ ಯಾರದೋ ಕಾಲೆಂಬಂತೆ, ಬೂಟನ್ನು ಪಕ್ಕಕ್ಕೆ ಸರಿಸಿದ. ನೀರು ಬಾಳೆಯತ್ತ ಓಡಿತು.