ಬೀಸಣಿಗೆ ಮಡಿಕೆ

"ಬಿಡು ಮೋಳೇ, ಇದು ಬೀಸಣಿಗೆಯಲ್ಲ, ಮುದುರಿದ ಬಾಳೆಎಲೆ," ಎಂದಳು ಅಚ್ಚಾಮ್ಮ ಮಗಳಿಗೆ. ತೊಂಬತ್ತರ ಆಕೆಯ ಬೆರಳುಗಳು ಸೊಟ್ಟಗಾಗಿದ್ದವು; ಕೇರಳದ ಕ್ರೈಸ್ತ ಅಜ್ಜಿಯರು ಸೊಂಟಕ್ಕೆ ಸುತ್ತುವ ಬಿಳಿ ಮುಂಡಿನ ಹಿಂಭಾಗದಲ್ಲಿ ಬೀಸಣಿಗೆಯಂತೆ ಹರಡಬೇಕಾದ ಮಡಿಕೆಯನ್ನು ಮಗಳು ಶೋಶಾಮ್ಮ ಮತ್ತೆ ಕೆಡಿಸಿದ್ದಳು. ಮದುವೆಗೆ ಹೊರಟ ಕಾರು ಅಂಗಳದಲ್ಲಿ ಕಾಯುತ್ತಿತ್ತು.

"ಅಮ್ಮಚ್ಚಿ, ಇದೊಂದು ದಿನ ಆ ಉದ್ದ ನಿಲುವಂಗಿ ಹಾಕ್ಕೋ. ನಿನ್ನ ಮರಿಮಗಳ ಮದುವೆ, ಯಾರೂ ಏನೂ ಅನ್ನೋಲ್ಲ."

"ಕರ್ತ ಅಂತಾನೆ. ಮಲಗೋ ಬಟ್ಟೇಲಿ ನಾನು ಇಗರ್ಜಿಗೆ ಬರೋಲ್ಲ, ನೀವು ಹೋಗಿ." ಮುಂಡನ್ನು ಬಿಚ್ಚಿ ಮಗಳ ಕೈಗಿಡುತ್ತ ಹೇಳಿದಳು, "ಈ ಮಡಿಕೆ ಕೈಗೆ ಹತ್ತೋದು ಸ್ವಂತ ಸೊಂಟದ ಮೇಲೆ. ಒಮ್ಮೆ ನೀನೇ ಉಟ್ಟು ಕಲಿ, ಆಮೇಲೆ ನನಗೆ ಉಡಿಸು."

ಅರವತ್ತೆಂಟಾದರೂ ಕೂದಲಿಗೆ ಬಣ್ಣ ಹಚ್ಚಿ ರೇಷ್ಮೆ ಸೀರೆಯನ್ನೇ ಉಡುತ್ತಿದ್ದ ಶೋಶಾಮ್ಮ, ಮುದುಕಿಯರ ಉಡುಪೆಂದು ತಾನು ಅಣಕಿಸುತ್ತ ಬಂದ ಬಿಳಿ ರವಿಕೆ ತೊಟ್ಟು ಮುಂಡನ್ನು ಸುತ್ತಿಕೊಂಡಳು. ತಾಯಿ ಹೇಳಿದಂತೆ ಮಡಿಸುತ್ತ ಹೋದಳು. ಕೊನೆಯ ಮಡಿಕೆ ಸಿಕ್ಕಿಸಿ ತಿರುಗಿದಾಗ ಬೀಸಣಿಗೆ ಒಂದೇ ಸಮನೆ ಹರಡಿ ನಿಂತಿತ್ತು. ಅಚ್ಚಾಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಬಂತಲ್ಲ. ಇನ್ನು ಬಿಚ್ಚಿ ನಿನಗೆ ಉಡಿಸ್ತೀನಿ."

"ಬಿಚ್ಚಬೇಡ. ಈ ಊರಲ್ಲಿ ಈ ಮಡಿಕೆ ನನ್ನ ಜೊತೆಗೇ ಮಣ್ಣಿಗೆ ಹೋಗುತ್ತೆ ಅಂದ್ಕೊಂಡಿದ್ದೆ."

"ಜನ ನಗ್ತಾರೆ ಅಮ್ಮಚ್ಚಿ."

"ನಗೋರಿಗೆ ಇಷ್ಟು ಚೆಂದ ಮಡಿಸೋಕೆ ಬರುತ್ತಾ? ಆ ನಿಲುವಂಗಿ ಕೊಡು ಇಲ್ಲಿ."

ಹೊರಡುವಾಗ ಶೋಶಾಮ್ಮ ತೋಳು ಹಿಡಿಯಲು ಬಂದರೆ, ನಿಲುವಂಗಿ ತೊಟ್ಟ ಅಚ್ಚಾಮ್ಮ ಕೈ ಕೊಡಲಿಲ್ಲ, ಕೋಲನ್ನೇ ಊರಿದಳು.

"ನೀನು ಮುಂದೆ ನಡಿ. ನಾನು ಹಿಂದಿನಿಂದ ನೋಡ್ತಾ ಬರ್ತೀನಿ."