ಒಂದು ಉಸಿರಿನಷ್ಟು ತಡ

ಹಾಲೇಶ್ ಬಾಗಿಲಿಗೆ ಬಂದು ನಿಂತದ್ದು ಕಂಡಾಗ ಯಶಸ್ವಿನಿಗೆ ಮೊದಲು ಬಂದದ್ದು ಸಿಟ್ಟು. ತಮ್ಮನ ಮಗುವಿನ ನಾಮಕರಣಕ್ಕೆಂದು ಅವಳು ಮಧುಗಿರಿಯ ತವರಿಗೆ ಬಂದಿದ್ದಳು. ನೆಂಟರು ಆಗಷ್ಟೇ ಎಲೆ ಮುಂದೆ ಕೂತಿದ್ದರು. ಮರುದಿನ ಬೆಂಗಳೂರಿನಲ್ಲಿ ಅವಳ ಸಮಿತಿಯ ಕೊನೆಯ ಸಭೆ. ಬಾಹ್ಯಾಕಾಶ ನಿಲ್ದಾಣದಲ್ಲಿರುವವರಿಗೆ ಊಟ, ನೀರು, ಸಲಕರಣೆ ಹೊತ್ತೊಯ್ಯಲು ಎರಡು ಖಾಸಗಿ ಕಂಪನಿಗಳು ಪೈಪೋಟಿಗೆ ಬಿದ್ದಿದ್ದವು. ಒಂದರ ನೌಕೆ ‘ಕಾವಡಿ’, ಇನ್ನೊಂದರದು ‘ವಿಹಗ’. ಎರಡರಲ್ಲೊಂದನ್ನು ಆರಿಸಬೇಕಿದ್ದ ಸಮಿತಿಯ ಒಲವು ಕಾವಡಿಯ ಕಡೆಗಿತ್ತು. ಹಾಲೇಶ್ ಕಾವಡಿ ಕಂಪನಿಯ ಎಂಜಿನಿಯರ್.

“ನೀನು ಬರಬಾರ್ದಾಗಿತ್ತು,” ಅವಳು ದನಿ ತಗ್ಗಿಸಿದಳು. “ಆಯ್ಕೆ ಮುಗಿಯೋವರ್ಗೂ ಕಂಪನಿಯೋರು ಯಾರೂ ನಮ್ಮನ್ನ ನೋಡಂಗಿಲ್ಲ. ಗೊತ್ತಿಲ್ವಾ?”

“ಗೊತ್ತಿದ್ದೇ ಬಂದೆ ಕಣೆ.”

ಅಷ್ಟರಲ್ಲಿ ಅವಳ ತಾಯಿ ನಾಗರತ್ನಮ್ಮ ಹೋಳಿಗೆಯ ಪಾತ್ರೆ ಹಿಡಿದುಕೊಂಡೇ ಇಣುಕಿದರು. “ಏನ್ ಹಾಲೇಶಾ, ಕಾಲೇಜ್ನಾಗಿದ್ದಾಗ ದಿನಾ ಬತ್ತಿದ್ದೋನು, ದಾರಿ ಮರ್ತ್‌ಬುಟ್ಟಿದ್ದಾ? ಬಾ, ಎಲೆ ಹಾಕ್ತೀನಿ.”

“ಇನ್ನೊಂದ್ ಸಲ ಬತ್ತೀನಿ ಕಣಮ್ಮ.”

ನಾಮಕರಣದ ಮನೆಗೆ ಅವನು ಬರಿಗೈಯಲ್ಲಿ ಬಂದಿದ್ದ. ಹಣ್ಣಿಲ್ಲ, ಉಡುಗೊರೆಯಿಲ್ಲ. ಅದನ್ನು ಗಮನಿಸಿ, ಲಂಚವೆನ್ನುವಂಥದ್ದೇನೂ ಇಲ್ಲವೆಂದು ಯಶಸ್ವಿನಿಗೆ ಸಮಾಧಾನವಾಯಿತು. ಪಟ್ಟನಾಯಕನಹಳ್ಳಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ತನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನ ಕೈಯನ್ನು ಹೀಗೆ ನೋಡುವಂತಾಯಿತಲ್ಲ ಎಂದು ನಾಚಿಕೆಯೂ ಆಯಿತು. ಜನರಿಲ್ಲದ ಜಾಗವೆಂದರೆ ಮಹಡಿ ಮಾತ್ರ. ಅಲ್ಲಿಗೆ ಕರೆದೊಯ್ದಳು. ಎದುರಿಗೆ ಬೆಟ್ಟ ಬಿಸಿಲಿಗೆ ಕಾದು ನಿಂತಿತ್ತು.

ಹಾಲೇಶ್ ಸುತ್ತಿ ಬಳಸಲಿಲ್ಲ. “ನೌಕೆ ನಿಲ್ದಾಣದ ಹತ್ರ ಹೋಗುವಾಗ ವೇಗ ತಗ್ಗಿಸೋಕೆ ಇಂಧನ ಬಿಡೋ ಕವಾಟ ಐತಲ್ಲ, ಜಾಸ್ತಿ ಹೊತ್ತು ಚಳೀಲಿದ್ರೆ ಅದು ತಡವಾಗಿ ತೆರೀತದೆ. ಪರೀಕ್ಷೆ ಮಾಡ್ದಾಗ ಎರಡು ಸಲ ಅಂಗಾಯ್ತು. ಅಳೆಯೋ ಯಂತ್ರದ ತಪ್ಪು ಅಂತ ಮೇಲಿನೋರು ತಳ್ಳಿಹಾಕ್ಬುಟ್ರು. ನಿಮ್ ಸಮಿತಿಗೆ ಅದನ್ನ ತಿಳಿಸಿಲ್ಲ.”

“ತಡ ಅಂದ್ರೆ ಎಷ್ಟು?”

“ಒಂದು ಉಸಿರು ಎಳ್ಕೊಳ್ಳೋ ಅಷ್ಟು.”

ಅವಳಿಗೆ ಅಷ್ಟು ಸಾಕಿತ್ತು. ಲಾರಿಯಷ್ಟು ತೂಕದ ನೌಕೆ. ಒಂದು ಉಸಿರು ತಡವಾಗಿ ಬ್ರೇಕ್ ಬಿದ್ದರೆ, ಒಳಗೆ ಜನರಿರುವ ನಿಲ್ದಾಣಕ್ಕೆ ಹೋಗಿ ಗುದ್ದುತ್ತದೆ.

“ಕವಾಟ ಮಾಡಿದ್ಯಾರು?”

ಅವನು ಬೆಟ್ಟದ ಕಡೆಗೆ ನೋಡಿದ. “ನಾನೇ. ಸರಿ ಮಾಡೋಕೆ ಇನ್ನೊಂದು ವರ್ಷ ಬೇಕು ಅಂದೆ. ಮೊದ್ಲು ಗುತ್ತಿಗೆ ಸಿಗ್ಲಿ, ಆಮೇಲೆ ನೋಡೋಣ ಅಂದ್ರು. ಆಮೇಲೆ ಯಾರು ನೋಡ್ತಾರೆ ಯಶು?”

ಕೆಳಗೆ ಮಗು ಅತ್ತಿತು, ಯಾರೋ ಸಮಾಧಾನ ಮಾಡಿದರು. ಯಶಸ್ವಿನಿ ಫೋನ್ ಕೈಗೆತ್ತಿಕೊಂಡಳು. “ಇದನ್ನ ನನ್ನಲ್ಲೇ ಇಟ್ಕೊಳ್ಳೋಕಾಗಲ್ಲ. ನಿನ್ನ ಹೆಸ್ರು ಹೇಳ್ಬೇಕಾಗುತ್ತೆ. ನಿನ್ನ ಕೆಲ್ಸ...”

“ಹೋಗ್ತದೆ. ಈ ಕಸುಬಿನಲ್ಲಿ ಇನ್ಯಾರೂ ಕರೆಯೋದೂ ಇಲ್ಲ.” ನಗಲು ನೋಡಿದ, ಆಗಲಿಲ್ಲ. “ನೀನು ಫೋನ್ ಮಾಡು. ನಾನು ಮನೇಗೋದ್ರೆ ಧೈರ್ಯ ಹೋಗ್ಬುಡ್ತದೆ.”

ಅವಳು ಸಮಿತಿಯ ಅಧ್ಯಕ್ಷರಾದ ಮೋಹನ್ ಕುಮಾರ್ ಅವರಿಗೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ, ಇಬ್ಬರ ನಡುವೆ ಮಹಡಿಯ ಮೋಟುಗೋಡೆಯ ಮೇಲಿಟ್ಟಳು. ಹಾಲೇಶ್ ತನ್ನ ಹೆಸರು ಹೇಳಿದ, ಹುದ್ದೆ ಹೇಳಿದ, ಕವಾಟದ ಕಥೆ ಹೇಳಿದ. ಮಾತು ಮುಗಿಸಿ, ಓಡಿ ಬಂದವನಂತೆ ಕಟ್ಟೆಯ ಮೇಲೆ ಕುಸಿದು ಕೂತ.

ಅಧ್ಯಕ್ಷರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. “ದೊಡ್ಡ ಅನಾಹುತ ತಪ್ಪಿತು. ನಮ್ಮ ಕೆಲಸವೂ ಸುಲಭವಾಯಿತು ಬಿಡಿ. ಕಾವಡಿ ಬೇಡ. ನಾಳೆ ವಿಹಗಕ್ಕೆ ಸಹಿ ಹಾಕೋಣ.”

ಯಶಸ್ವಿನಿ ಹಾಲೇಶನನ್ನೇ ನೋಡುತ್ತಿದ್ದಳು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಈ ಒಂದು ಮಾತು ಹೇಳುವುದಕ್ಕೆ ಒಬ್ಬ ಮನುಷ್ಯ ಏನೆಲ್ಲ ಬಿಟ್ಟು ಬರಬೇಕಾಯಿತು ಎಂದು ಯೋಚಿಸುತ್ತಿದ್ದಳು.

“ನಾಳೆ ಸಹಿ ಬೇಡ ಸರ್,” ಎಂದಳು. “ಎರಡನ್ನೂ ನಾವೇ ಇನ್ನೊಂದು ಸಲ ಪರೀಕ್ಷೆ ಮಾಡೋಣ.”

“ಎರಡನ್ನೂ ಯಾಕೆ? ವಿಹಗದಲ್ಲಿ ಏನು ದೋಷ ಇದೆ?”

“ಗೊತ್ತಿಲ್ಲ ಸರ್. ಅಲ್ಲಿಂದ ಹೇಳೋಕೆ ಯಾರೂ ಬಂದಿಲ್ಲ.”