ಮಾತಾಡದ ಗೌರಿ

ಶಿಕ್ಷಕರ ತರಬೇತಿಯ ತರಗತಿಯಲ್ಲಿ ಹೊಸ ಮೇಣದ ಬಳಪದ ವಾಸನೆ ಬಂದರೆ ಸಾಕು, ಪೀಣ್ಯದ ಅಂಗನವಾಡಿಯ ಆ ಮಧ್ಯಾಹ್ನ ನನಗೆ ನೆನಪಾಗುತ್ತದೆ.

ನನಗಾಗ ಏಳು ವರ್ಷ, ತಂಗಿ ಗೌರಿಗೆ ಮೂರು. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದರಿಂದ ಗೌರಿಯನ್ನು ಮನೆಗೆ ಕರೆತರುವುದು ನನ್ನ ಕೆಲಸವಾಗಿತ್ತು. ಗೌರಿ ಇನ್ನೂ ಒಂದು ಮಾತೂ ಆಡಿರಲಿಲ್ಲ. "ಮೊಂಡು ಕಣೇ ಇದು, ಬೇಕಂತ್ಲೇ ಬಾಯಿ ಬಿಡಲ್ಲ," ಎಂದು ಅಜ್ಜಿ ಅಮ್ಮನಿಗೆ ಹೇಳುತ್ತಿದ್ದಳು.

ಅಂದು ನಾನು ಹೋದಾಗ ಟೀಚರ್ ಅವಳನ್ನು ಅಕ್ಕಿಮೂಟೆಗಳ ಕೋಣೆಯಲ್ಲಿ ಕೂಡಿಹಾಕಿ ಚಿಲಕ ಹಾಕಿದ್ದರು. ಬಳಪದಿಂದ ಗೋಡೆಯೆಲ್ಲ ಗೀಚಿದ್ದಳಂತೆ.

"ಬೇಡ ಬೇಡ ಅಂತ ಹತ್ತು ಸಲ ಕೂಗ್ದೆ, ತಿರುಗೂ ನೋಡ್ಲಿಲ್ಲ. ಒಂದ್ಸಲ 'ಅಕ್ಕ' ಅನ್ಲಿ, ಬಾಗಿಲು ತೆಗೀತೀನಿ," ಎಂದರು ಟೀಚರ್.

ನಾನು ಬಾಗಿಲಿನ ಸಂದಿಗೆ ಬಾಯಿಟ್ಟು, "ಗೌರೀ, ಅಕ್ಕ ಅನ್ನೇ," ಎಂದು ಗಂಟಲು ಹರಿಯುವಂತೆ ಕೂಗಿದೆ. ಒಳಗಿನಿಂದ ಅಳು ಮಾತ್ರ ಕೇಳಿಸಿತು. ನನಗೆ ಅವಮಾನವಾಯಿತು, ಸಿಟ್ಟೂ ಬಂತು.

"ಅನ್ನೋವರ್ಗೂ ತೆಗೀಬೇಡಿ ಮಿಸ್," ಎಂದೆ.

ಬಹಳ ಹೊತ್ತಿನ ಮೇಲೆ ಅಳು ನಿಂತಿತು. ಟೀಚರ್ ಚಿಲಕವನ್ನು ಸದ್ದಾಗುವಂತೆ ಎಳೆದು ಬಾಗಿಲು ತೆಗೆದರು. ಗೌರಿ ನಮಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ಕೂತಿದ್ದಳು. ಹಿಂದೆಯೇ ನಿಂತು ಎರಡು ಸಲ ಹೆಸರು ಕರೆದೆ. ನನ್ನ ಕೈ ಭುಜಕ್ಕೆ ತಗುಲಿದ ಮೇಲಷ್ಟೇ ಅವಳು ಬೆಚ್ಚಿಬಿದ್ದು ತಿರುಗಿದಳು.